ಚಾಕಲೇಟ್ ಬೇಡ, ಸಂಬಳ ಕೊಡಿ: ನಮ್ಮೂರ ಅಂಗಡಿ ಮಾಲೀಕರಿಗೊಂದು ಬಹಿರಂಗ ಪತ್ರ

ನಂಜನಗೂಡಿನ ಅಂಗಡಿ, ಹೋಟೆಲ್, ಬೇಕರಿ, ಪ್ರೆಸ್ ಮಾಲೀಕರಿಗೆ, ಹಾಗೇ ಕೈಗಾರಿಕಾ ಪ್ರದೇಶದ ಕಾರ್ಖಾನೆಯವರಿಗೆ,

ನಮಸ್ಕಾರ.

ನಿಮ್ಮಲ್ಲಿ ಜಾಸ್ತಿ ಜನಕ್ಕೆ ನನ್ನ ಪರಿಚಯ ಇರಲಿಕ್ಕಿಲ್ಲ. ನನ್ನ ತಮ್ಮನನ್ನು ಮಾತ್ರ ನೋಡಿಯೇ ಇರುತ್ತೀರಿ. ದೊಡ್ಡ ಜಾತ್ರೆಯ ದಿನ ಗೌತಮ ರಥದ ಹಗ್ಗ ಹಿಡಿಯೋಕೆ ಬೆಳಕು ಹರಿಯುವ ಮುಂಚೆಯೇ ಬಂದು ನಿಲ್ಲುವ ಕುಳ್ಳಗಿನ ಹುಡುಗ. ದಪ್ಪ ಗಾಜಿನ ಕನ್ನಡಕ, ಮೈಮೇಲೆ ಆರ್‌ಸಿಬಿ ಟೀ ಶರ್ಟ್. ಎದುರು ಸಿಕ್ಕವರಿಗೆಲ್ಲ ಕೈ ಕೊಟ್ಟು "ಊಟ ಆಯ್ತಾ?" ಅನ್ನುತ್ತಾನೆ. ಬೆಳಗ್ಗೆ ಆರು ಗಂಟೆಯಾದರೂ ಅದೇ ಪ್ರಶ್ನೆ. ನೋಡಿ, ಹುಡುಗ ಅಂತ ನಾನೂ ಬರೆದುಬಿಟ್ಟೆ. ಅವನಿಗೆ ಈಗ 28 ವರ್ಷ.

ಅವನಿಗೆ ಡೌನ್ ಸಿಂಡ್ರೋಮ್ ಇದೆ. ಈ ಪತ್ರ ಅವನ ಕೆಲಸದ ಬಗ್ಗೆ, ಅವನಂಥವರ ಕೆಲಸದ ಬಗ್ಗೆ. ದೇಣಿಗೆ ಕೇಳೋಕೆ ಬರೆದದ್ದಲ್ಲ. ಅಷ್ಟು ಮೊದಲೇ ಹೇಳಿದರೆ ನೀವೂ ನಿಶ್ಚಿಂತೆಯಿಂದ ಓದಬಹುದು.

ಏಳು ವರ್ಷದ ಹಿಂದಿನ ಮಾತು. ಯಾವ ಅಂಗಡಿ ಅಂತ ಹೇಳುವುದಿಲ್ಲ. ದೀಪಾವಳಿ ವ್ಯಾಪಾರದ ಸಮಯ. ಮಾಲೀಕರು ಅಪ್ಪನಿಗೆ ಪರಿಚಯದವರು. "ಕಳಿಸಿ ಸಾರ್, ಮನೇಲಿ ಸುಮ್ನೆ ಕೂತು ಏನ್ ಮಾಡ್ತಾನೆ" ಅಂದರು. ತಮ್ಮ ಹನ್ನೊಂದು ದಿನ ಹೋದ. ರಟ್ಟಿನ ಡಬ್ಬ ಮಡಿಸಿದ, ನೆಲ ಒರೆಸಿದ, ಒಳಗಿನಿಂದ ಸಾಮಾನು ತಂದು ಕೊಟ್ಟ. ಕೊನೆಯ ದಿನ ಅಲ್ಲಿ ದುಡಿದ ಇನ್ನಿಬ್ಬರು ಹುಡುಗರಿಗೆ ಒಂದೊಂದು ಕವರ್ ಕೊಟ್ಟರು. ಇವನ ಕೈಗೆ ಒಂದು ದೊಡ್ಡ ಚಾಕಲೇಟ್ ಇಟ್ಟು, ತಲೆ ಸವರಿ ಕಳಿಸಿದರು.

ಅವನು ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದ್ದು ಮೂರೇ ಮಾತು. "ನಂಗೆ ಕವರ್ ಇಲ್ಲ."

ಅಮ್ಮ ಮರುದಿನ ಹೋಗಿ ಕೇಳಿದರು. "ಅವನಿಗ್ಯಾಕಮ್ಮ ದುಡ್ಡು? ದೇವರಂಥ ಮಗು" ಅನ್ನುವ ಉತ್ತರ ಬಂತು. ಆ ಮನುಷ್ಯ ಕೆಟ್ಟವರಲ್ಲ. ಮನಸ್ಸಿನಿಂದಲೇ ಹೇಳಿದ್ದು. ಆದರೆ ದೇವರಿಗಾದರೆ ಶ್ರೀಕಂಠೇಶ್ವರನ ಗುಡಿಯಲ್ಲಿ ಹುಂಡಿ ಇದೆ. ನನ್ನ ತಮ್ಮನಿಗೆ ಅದೂ ಇಲ್ಲ. ಆ ಚಾಕಲೇಟನ್ನು ಅವನು ತಿನ್ನಲಿಲ್ಲ. ಸಂಕ್ರಾಂತಿವರೆಗೂ ಫ್ರಿಜ್‌ನಲ್ಲಿ ಬಿದ್ದಿತ್ತು.

ಡೌನ್ ಸಿಂಡ್ರೋಮ್ ಅಂದರೆ ಏನು ಅಂತ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ (ತಂದೆ ತಾಯಿಯ ಗುಣ ಹೊತ್ತು ತರುವ ಎಳೆಗಳು) ಇರುತ್ತವೆ, 23 ಜೋಡಿ. ಇವನಲ್ಲಿ 21ನೇದು ಎರಡರ ಬದಲು ಮೂರಿದೆ. ಒಟ್ಟು 47. ಅದಕ್ಕೇ ಮೂರನೇ ತಿಂಗಳ 21ನೇ ತಾರೀಖು, ಮಾರ್ಚ್ 21, ವಿಶ್ವ ಡೌನ್ ಸಿಂಡ್ರೋಮ್ ದಿನ. 2012ರಿಂದ ವಿಶ್ವಸಂಸ್ಥೆಯೂ ಆಚರಿಸುತ್ತಿದೆ. ಆ ದಿನ ಒಂದು ಕಾಲಿಗೆ ಒಂದು ಬಣ್ಣ, ಇನ್ನೊಂದು ಕಾಲಿಗೆ ಇನ್ನೊಂದು ಬಣ್ಣದ ಕಾಲುಚೀಲ ಹಾಕಿಕೊಳ್ಳುವ ರೂಢಿ ಇದೆ. ನಮ್ಮೂರಿನ ಮಾರ್ಚ್ ಬಿಸಿಲಲ್ಲಿ ಕಾಲುಚೀಲ ಹಾಕುವವರು ಯಾರು ಹೇಳಿ? ನಾವು ಬೇರೆ ಬೇರೆ ಬಣ್ಣದ ಹವಾಯಿ ಚಪ್ಪಲಿ ಹಾಕಿ ಫೋಟೋ ತೆಗೆಸಿಕೊಂಡೆವು.

ಇದು ಗ್ರಹಣದಿಂದ ಬಂದದ್ದಲ್ಲ. ಸಂಬಂಧದಲ್ಲಿ ಮದುವೆಯಾದರೆ ಬರುವಂಥದ್ದೂ ಅಲ್ಲ. ತಾಯಿಯ ವಯಸ್ಸು ಏರಿದ ಹಾಗೆ ಸಾಧ್ಯತೆ ಜಾಸ್ತಿಯಾಗುತ್ತದೆ, ನಿಜ. ಆದರೆ ಇವನು ಹುಟ್ಟಿದಾಗ ಅಮ್ಮನಿಗೆ 26. ನನಗೆ ಗಂಡು ನೋಡುವಾಗ ಇದೇ ದೊಡ್ಡ ಪ್ರಶ್ನೆಯಾಗಿತ್ತು. "ತಮ್ಮ ಹಂಗಿದ್ದಾನಂತೆ, ಮುಂದೆ ಇವಳ ಮಕ್ಕಳಿಗೂ...?" ಅಂತ ಅಡುಗೆಮನೆ ಬಾಗಿಲಲ್ಲಿ ಪಿಸುಮಾತು. ಮೈಸೂರಿನಲ್ಲಿ ರಕ್ತ ಕೊಟ್ಟು ಕ್ರೋಮೋಸೋಮ್ ಪರೀಕ್ಷೆ ಮಾಡಿಸಿದ್ದ ಹಳೆಯ ಕಾಗದ ಆಗ ಕೆಲಸಕ್ಕೆ ಬಂತು. ನೂರಕ್ಕೆ ಸುಮಾರು 95 ಜನರಲ್ಲಿ ಇದು ವಂಶದಲ್ಲಿ ಹರಿದು ಬರುವಂಥದ್ದಲ್ಲ, ಸುಮ್ನೆ ಆಗಿಬಿಡುವಂಥದ್ದು. ಮೂರು ನಾಲ್ಕು ಜನರಲ್ಲಿ ಮಾತ್ರ ಆ ಹೆಚ್ಚಿನ 21ನೇದರ ತುಣುಕು ಬೇರೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಅಂಥ ಕೆಲವು ಮನೆಗಳಲ್ಲಿ ಅದು ತಂದೆ ತಾಯಿಯಿಂದ ಬಂದಿರಬಹುದು. ನನ್ನ ತಮ್ಮನದು ಮೊದಲನೇ ಬಗೆ. ಆ ಕಾಗದವನ್ನು ಜಾತಕದ ಜೊತೆ ಇಟ್ಟುಕೊಂಡು ಓಡಾಡಿದ ಹುಡುಗಿ ನಾನೊಬ್ಬಳೇ ಇರಬೇಕು.

ಈಗ ಒಂದು ಲೆಕ್ಕ. ಸುಮಾರು 700ರಿಂದ 1000 ಹೆರಿಗೆಗೆ ಒಂದು ಮಗು ಹೀಗೆ ಹುಟ್ಟುತ್ತದೆ. 2011ರ ಜನಗಣತಿ ಹೊತ್ತಿಗೇ ನಮ್ಮೂರಿನಲ್ಲಿ 50 ಸಾವಿರದಷ್ಟು ಜನ ಇದ್ದರು. ಸುತ್ತಲಿನ ಹಳ್ಳಿಗಳು ಬೇರೆ. ಹೃದಯದ ತೊಂದರೆಯಿಂದ ಎಳವೆಯಲ್ಲೇ ಹೋದವರನ್ನು ಕಳೆದರೂ ಇಪ್ಪತ್ತು ಮೂವತ್ತು ಜನರಾದರೂ ಇರಬೇಕು, ಇದು ನನ್ನ ಅಂದಾಜು. ಜಾತ್ರೆಯ ಅಷ್ಟು ದೊಡ್ಡ ಜನಸಾಗರದಲ್ಲಿ ನೀವು ಅಂಥವರನ್ನು ಎಷ್ಟು ಜನ ನೋಡಿದ್ದೀರಿ? ನನ್ನ ತಮ್ಮನನ್ನು ಬಿಟ್ಟು ಇನ್ನೊಬ್ಬರು? ಇಬ್ಬರು?

ಉಳಿದವರು ಮನೆಯೊಳಗಿದ್ದಾರೆ. ಟಿವಿ ಮುಂದೆ.

ಹದಿನೆಂಟರವರೆಗೆ ಹೇಗೋ ದಾರಿ ಇರುತ್ತದೆ. ಅಮ್ಮ ಇವನನ್ನು ಎತ್ತಿಕೊಂಡು ವಾರಕ್ಕೆ ಎರಡು ದಿನ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಕೈಯಲ್ಲಿ ಒಂದು ಬುತ್ತಿ, ಒಂದು ಬದಲಿ ಚಡ್ಡಿ. ನಾಲಿಗೆ ಗಟ್ಟಿಯಾಗಲಿ ಅಂತ ತುಟಿಗೆ ಜೇನು ಸವರಿ ನೆಕ್ಕಿಸುತ್ತಿದ್ದರು. ಐದನೇ ವರ್ಷಕ್ಕೆ "ಅಕ್ಕ" ಅಂದ. ಈಗ ಇನ್ನೂ ಅನುಕೂಲ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಹೆಸರೇ ಇದೆ. ಅಂಗನವಾಡಿಯಲ್ಲೇ ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು ಅನ್ನುವುದು ಅದರ ವ್ಯವಸ್ಥೆ. ಸ್ಪೆಷಲ್ ಸ್ಕೂಲುಗಳಿವೆ.

ಆಮೇಲೆ ಒಂದು ದಿನ ಶಾಲೆ ಮುಗಿಯುತ್ತದೆ. ಮರುದಿನ ಬೆಳಗ್ಗೆ ಅವನು ಎಂದಿನ ಹಾಗೆ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಆಟೋ ಬರಲಿಲ್ಲ. ಆ ವಾರವಿಡೀ ನಿಂತ. ಎರಡು ವರ್ಷದಲ್ಲಿ 14 ಕಿಲೋ ದಪ್ಪಗಾದ. ಪೂರ್ತಿ ವಾಕ್ಯ ಆಡುತ್ತಿದ್ದವನು ಒಂದೊಂದೇ ಪದಕ್ಕೆ ಇಳಿದ. ಇಂಥವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ, ಇವನಿಗೂ ಇದೆ, ಅದೂ ಸೇರಿಕೊಂಡಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಇವನಿಗೆ ದಿನಾ ಹೋಗೋಕೆ ಒಂದು ಜಾಗ ಬೇಕು" ಅಂದರು. ಮಾತ್ರೆ ಮೆಡಿಕಲ್ ಸ್ಟೋರ್‌ನಲ್ಲಿ ಸಿಕ್ಕಿತು. ಜಾಗಕ್ಕೆ ಎಲ್ಲಿ ಹೋಗೋದು?

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಮೆರಿಕದಂಥ ದೇಶದಲ್ಲೇ 1980ರ ದಶಕದ ಆರಂಭದಲ್ಲಿ ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯಸ್ಸು 25ರ ಆಸುಪಾಸು ಇತ್ತು. ಈಗ 60. ಹುಟ್ಟುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹೃದಯದಲ್ಲಿ ದೋಷ ಇರುತ್ತದೆ. ಆಪರೇಷನ್ ಸಿಗತೊಡಗಿದ್ದೇ ದೊಡ್ಡ ಬದಲಾವಣೆ. ನನ್ನ ತಮ್ಮನ ಎದೆಯ ಮೇಲೂ ಒಂದು ಉದ್ದನೆಯ ಗೆರೆ ಇದೆ. ಯಾರಾದರೂ ಕೇಳಿದರೆ "ಜಿಪ್" ಅನ್ನುತ್ತಾನೆ. ಅಂದರೆ ಇವರ ಮುಂದೆ ಈಗ ಮೂವತ್ತು ನಲವತ್ತು ವರ್ಷದ ವಯಸ್ಕ ಬದುಕು ಇದೆ. ಅಷ್ಟು ವರ್ಷ ಟಿವಿ ನೋಡೋಕಾಗುತ್ತಾ?

ಈಗ ಅವನು ಒಂದು ಊದುಬತ್ತಿ ಘಟಕದಲ್ಲಿ ಪ್ಯಾಕಿಂಗ್ ಮಾಡುತ್ತಾನೆ. ಮೂರು ವರ್ಷ ಆಯಿತು. ಅದು ಹೇಗಾಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ನಿಮಗೆ ಉಪಯೋಗಕ್ಕೆ ಬರುವ ಭಾಗ ಇದೇ.

ಒಂದು ಪ್ಯಾಕೆಟ್ಟಿಗೆ 20 ಕಡ್ಡಿ ಹಾಕಬೇಕು. ತಮ್ಮ 12ರವರೆಗೆ ಚೆನ್ನಾಗಿ ಎಣಿಸುತ್ತಾನೆ, ಅಲ್ಲಿಂದ ನೇರ 15ಕ್ಕೆ ಹಾರುತ್ತಾನೆ. 13, 14ರ ಮೇಲೆ ಅವನಿಗೆ ಅದೇನು ಕೋಪವೋ. ಮೊದಲ ವಾರ ಎಲ್ಲ ಪ್ಯಾಕೆಟ್ಟೂ ತಪ್ಪು. ಮಾಲೀಕರು ಬೈಯಲಿಲ್ಲ, ಕಳಿಸಲೂ ಇಲ್ಲ. ಅವರ ಪರಿಚಯದ ಬಡಗಿಯೊಬ್ಬರು ಒಂದು ಹಲಗೆಯ ಮೇಲೆ 20 ಗೀರು ಕೊರೆದು ಕೊಟ್ಟರು. ಒಂದು ಗೀರಿಗೆ ಒಂದು ಕಡ್ಡಿ. ಹಲಗೆ ತುಂಬಿತಾ, ಒಟ್ಟಿಗೆ ಬಾಚಿ ಪ್ಯಾಕೆಟ್ಟಿಗೆ ತುಂಬು. ಎಣಿಸುವ ಕೆಲಸವೇ ಇಲ್ಲ. ಕಣ್ಣಳತೆಯಲ್ಲಿ ಹಿಡಿ ಹಿಡಿ ತುಂಬುವವರ ಪ್ಯಾಕೆಟ್ಟಿನಲ್ಲಿ ಒಮ್ಮೊಮ್ಮೆ 19 ಇರುತ್ತೆ, ಒಮ್ಮೊಮ್ಮೆ 22. ಇವನದರಲ್ಲಿ 20 ಅಂದ್ರೆ 20. ಗೀರು ಖಾಲಿ ಇದ್ದರೆ ಅವನಿಗೆ ನಿದ್ದೆ ಬರಲ್ಲ.

ನಿಧಾನ, ಅದು ನಿಜ. ಪಕ್ಕದಲ್ಲಿ ಕೂರುವ ಅಕ್ಕ ಎರಡು ಡಬ್ಬ ತುಂಬುವ ಹೊತ್ತಿಗೆ ಇವನದು ಒಂದು. ಆದರೆ ಅಲ್ಲಿ ಎಲ್ಲರಿಗೂ ಪ್ಯಾಕೆಟ್ ಲೆಕ್ಕದಲ್ಲಿ ಕೂಲಿ, ಇವನಿಗೂ ಅದೇ ದರ. ಅರ್ಧ ಕೆಲಸಕ್ಕೆ ಅರ್ಧ ದುಡ್ಡು. ಮಾಲೀಕರಿಗೆ ಎಲ್ಲಿಂದ ನಷ್ಟ ಬಂತು?

ಅಮ್ಮ ಮೊದಲ ಹದಿನೈದು ದಿನ ಅವನ ಪಕ್ಕದಲ್ಲೇ ಕುರ್ಚಿ ಹಾಕಿ ಕೂತರು. ಆಮೇಲೆ ಕುರ್ಚಿಯನ್ನು ಬಾಗಿಲ ಹತ್ತಿರ ಸರಿಸಿದರು. ಇನ್ನೊಂದು ವಾರಕ್ಕೆ ಎದುರಿನ ಹೂವಿನ ಅಂಗಡಿಯ ಜಗಲಿ. ಎರಡು ತಿಂಗಳಾಗುವಷ್ಟರಲ್ಲಿ ಅಮ್ಮ ಮನೆಯಲ್ಲಿ, ಇವನು ಕೆಲಸದಲ್ಲಿ. ದೊಡ್ಡ ಊರುಗಳ ಸಂಸ್ಥೆಗಳಲ್ಲಿ ಇದನ್ನು ಮಾಡುವವರಿಗೆ ಜಾಬ್ ಕೋಚ್ ಅನ್ನುತ್ತಾರೆ. ಅಮ್ಮನಿಗೆ ಆ ಪದ ಗೊತ್ತಿರಲಿಲ್ಲ. ಕುರ್ಚಿ ಸರಿಸೋದು ಗೊತ್ತಿತ್ತು.

ಇಂಥವರನ್ನು ಕೆಲಸಕ್ಕೆ ಇಟ್ಟುಕೊಂಡವರು ಹೇಳಿದ್ದು, ನಾವು ಮನೆಯಲ್ಲಿ ಕಲಿತದ್ದು ಇನ್ನೊಂದಿಷ್ಟಿದೆ. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿ. ಕೇಳಿದ್ದು ಬೇಗ ಮರೆಯುತ್ತಾರೆ, ಕಂಡದ್ದನ್ನು ಮರೆಯುವುದಿಲ್ಲ. "ಅದನ್ನಿಟ್ಟು, ಇದನ್ನು ತಗೊಂಡು, ಬರ್ತಾ ಬಾಗಿಲು ಹಾಕ್ಕೊಂಡು ಬಾ" ಅಂತ ಮೂರು ಕೆಲಸ ಒಟ್ಟಿಗೆ ಹೇಳಬೇಡಿ. ಕೇಳಿದ ತಕ್ಷಣ ಉತ್ತರ ಬರದಿದ್ದರೆ ಮನಸ್ಸಿನಲ್ಲೇ ಹತ್ತು ಎಣಿಸಿ, ಉತ್ತರ ದಾರಿಯಲ್ಲಿರುತ್ತದೆ. ನಾವು ಆ ಹತ್ತು ಸೆಕೆಂಡು ಕಾಯದೆ ಮತ್ತೆ ಕೂಗಿ ಕೇಳುತ್ತೇವೆ, ಅವನು ಮೊದಲಿಂದ ಶುರು ಮಾಡಬೇಕಾಗುತ್ತದೆ. ಕೆಲವರಲ್ಲಿ ಕತ್ತಿನ ಮೇಲ್ಭಾಗದ ಮೂಳೆ ಸಡಿಲ ಇರುತ್ತದೆ, ಅದಕ್ಕೇ ತಲೆ ಮೇಲೆ ಮೂಟೆ ಹೊರಿಸಬೇಡಿ. ಕಿವಿ ಮಂದ ಇದ್ದವರೂ ಜಾಸ್ತಿ. ಮಾತು ಕೇಳುತ್ತಿಲ್ಲ ಅಂತ ಬೈಯುವ ಮುಂಚೆ ನಿಜವಾಗಿಯೂ ಕೇಳಿಸಿತಾ ನೋಡಿ.

ಇನ್ನು ಹಠ. ಹಠ ಇದೆ. ಮುಚ್ಚಿಡುವುದಿಲ್ಲ. ಒಂದು ದಿನ ಅವನ ಜಾಗದಲ್ಲಿ ಬೇರೆಯವರನ್ನು ಕೂರಿಸಿದ್ದಕ್ಕೆ ನೆಲದ ಮೇಲೆ ಕೂತವನು ಒಂದೂವರೆ ಗಂಟೆ ಏಳಲಿಲ್ಲ. "ಇವರೆಲ್ಲ ಸದಾ ನಗ್ತಾ ಇರ್ತಾರೆ, ಪಾಪ" ಅನ್ನುವವರು ಆ ಹೊತ್ತಿಗೆ ಬಂದಿದ್ದರೆ ಚೆನ್ನಾಗಿರುತ್ತಿತ್ತು. ಹಿಂದಿನ ದಿನವೇ "ನಾಳೆ ನಿನ್ನ ಜಾಗ ಅಲ್ಲಿ" ಅಂತ ತೋರಿಸಿದ್ದರೆ ಆ ಗಲಾಟೆ ಆಗುತ್ತಿರಲಿಲ್ಲ. ಈಗ ಮಾಲೀಕರು ಹಾಗೇ ಮಾಡುತ್ತಾರೆ.

"ಇದನ್ನೆಲ್ಲ ಸರ್ಕಾರ ಮಾಡಬೇಕಲ್ವಾ?" ಅಂತ ನೀವು ಕೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸರ್ಕಾರಿ ಕೆಲಸದಲ್ಲಿ ಶೇಕಡಾ 4 ಮೀಸಲಾತಿ. ಅದರಲ್ಲಿ ಶೇಕಡಾ 1 ಬೌದ್ಧಿಕ ನ್ಯೂನತೆ, ಆಟಿಸಂ, ಮಾನಸಿಕ ಕಾಯಿಲೆ ಇಂಥವರೆಲ್ಲ ಹಂಚಿಕೊಳ್ಳಬೇಕು. ಸಾಮಾನ್ಯವಾಗಿ ಆ ಹುದ್ದೆಗಳಿಗೆ ಓದು ಬೇಕು, ಪರೀಕ್ಷೆ ಬೇಕು. ನನ್ನ ತಮ್ಮ ಅಲ್ಲಿಗೆ ಮುಟ್ಟುವುದಿಲ್ಲ. ಖಾಸಗಿಯವರ ಬಗ್ಗೆ ಅದೇ ಕಾಯ್ದೆಯ 35ನೇ ಕಲಂ ಹೇಳುವುದು ಇಷ್ಟು: ಕೆಲಸಗಾರರಲ್ಲಿ ಕನಿಷ್ಠ ಶೇಕಡಾ 5 ಅಂಗವಿಕಲರು ಇರುವಂತೆ ಸರ್ಕಾರ ಮಾಲೀಕರಿಗೆ ಪ್ರೋತ್ಸಾಹ ಕೊಡಬೇಕು, ಅದೂ ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ. ಇಟ್ಟುಕೊಳ್ಳಲೇಬೇಕು ಅಂತ ನಿಮ್ಮನ್ನು ಯಾರೂ ಕಟ್ಟಿಹಾಕಿಲ್ಲ. ಅದಕ್ಕೇ ವಿಧಾನಸೌಧಕ್ಕೆ ಬರೆಯುವುದನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ. ಅಲ್ಲಿಗೂ ಬರೆಯೋಣ, ಇನ್ನೊಂದು ದಿನ.

ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. 2017ರಲ್ಲಿ ಹುಬ್ಬಳ್ಳಿಯಲ್ಲಿ ಮಿಟ್ಟಿ ಕೆಫೆ ಅಂತ ಒಂದು ಸಣ್ಣ ಕ್ಯಾಂಟೀನ್ ಶುರುವಾಯಿತು. ಕಾಫಿ ಕೊಡುವವರು, ತಿಂಡಿ ಮಾಡುವವರು ಬೇರೆ ಬೇರೆ ಅಂಗವೈಕಲ್ಯ ಇರುವವರೇ, ಡೌನ್ ಸಿಂಡ್ರೋಮ್ ಇರುವವರೂ ಇದ್ದಾರೆ. ಈಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿದೆ, ದೆಹಲಿಯ ಸುಪ್ರೀಂ ಕೋರ್ಟಿನೊಳಗೂ 2023ರಲ್ಲಿ ತೆರೆಯಿತು. ನೀವು ಹೊಸ ಕೆಫೆ ಕಟ್ಟಬೇಕಿಲ್ಲ. ಇರುವ ಹೋಟೆಲಿನಲ್ಲಿ ಒಂದು ಜಾಗ ಸಾಕು.

ಇನ್ನೊಂದು ಮಾತು. ಪತ್ರಿಕೆಯಲ್ಲಿ ಆಗಾಗ ಫೋಟೋ ಬರುತ್ತದೆ. ಡೌನ್ ಸಿಂಡ್ರೋಮ್ ಇದ್ದೂ ಪದಕ ಗೆದ್ದವರು, ನೃತ್ಯ ಮಾಡಿದವರು. ಸಂತೋಷ. ಆದರೆ ಅದನ್ನು ಓದಿದವರು ಬಂದು ನನ್ನನ್ನು ಕೇಳುತ್ತಾರೆ, "ನಿಮ್ಮ ತಮ್ಮನಿಗೆ ಏನಾದ್ರೂ ವಿಶೇಷ ಪ್ರತಿಭೆ ಇದ್ಯಾ?" ಇಲ್ಲ ಸ್ವಾಮಿ. ನನಗೂ ಇಲ್ಲ. ನಾನು ಬಿ.ಕಾಂ. ಮಾಡಿ ಲೆಕ್ಕ ಬರೆಯುತ್ತೇನೆ, ನನ್ನ ಪ್ರತಿಭೆ ಏನು ಅಂತ ಯಾರೂ ಕೇಳದೆ ಸಂಬಳ ಕೊಡುತ್ತಾರೆ. ಅವನ ಯುಡಿಐಡಿ ಕಾರ್ಡಿನಲ್ಲಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯಲ್ಲಿ, ಅಂಗವೈಕಲ್ಯ ಶೇಕಡಾ 75 ಅಂತ ಇದೆ. ಅದನ್ನು ನೋಡಿ ಒಬ್ಬರು "ಹಂಗಾದ್ರೆ 25 ಪರ್ಸೆಂಟ್ ಮಾತ್ರ ಸರಿ ಇದ್ದಾನಾ?" ಅಂದರು. ಆ ದಿನ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಇಲ್ಲಿ ಬರೆಯುವಂಥದ್ದಲ್ಲ.

ಸಂಬಳದ ವಿಷಯಕ್ಕೆ ಬರುತ್ತೇನೆ. ಮೊದಲ ತಿಂಗಳ ಕೂಲಿ ಹಾಕೋಕೆ ಅವನ ಹೆಸರಲ್ಲಿ ಖಾತೆ ತೆರೆಯಲು ಹೋದೆವು. "ಹೆಬ್ಬೆಟ್ಟು ಒತ್ತಿಸಿ ಸಾಕು" ಅಂದರು ಕೌಂಟರಿನವರು. ಅವನು ಪೆನ್ ಕೇಳಿದ. ನಾಲ್ಕು ಅಕ್ಷರದ ಹೆಸರು. ನಾಲಿಗೆ ಹೊರಗೆ ಚಾಚಿ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ಒತ್ತಕ್ಷರ ಬಂದಾಗ ಒಮ್ಮೆ ನಿಂತು, ನನ್ನ ಮುಖ ನೋಡಿ, ಮತ್ತೆ ಬರೆದ. ಮೂರು ನಿಮಿಷ ಆಗಿರಬಹುದು. ಹಿಂದಿನ ಸಾಲಿನಲ್ಲಿ ಯಾರೋ "ಬೇಗ ಆಗ್ಲಿ" ಅಂದರು. ಆಮೇಲೆ ಪೋಷಕತ್ವದ ಪ್ರಮಾಣಪತ್ರ ಕೇಳಿದರು. ಹದಿನೆಂಟು ತುಂಬಿದ ಮೇಲೆ ತಾಯಿಯಾದರೂ ಕಾನೂನಿನ ಪ್ರಕಾರ ತಾನಾಗಿಯೇ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಳೀಯ ಸಮಿತಿ ಅದನ್ನು ಕೊಡುತ್ತದೆ, ಜಿಲ್ಲಾಧಿಕಾರಿ ಅದರಲ್ಲಿರುತ್ತಾರೆ. ಇದನ್ನು ಓದುವ ತಾಯಂದಿರಿದ್ದರೆ ಮಗುವಿಗೆ ಹದಿನೆಂಟು ತುಂಬುತ್ತಿದ್ದ ಹಾಗೆ ಅರ್ಜಿ ಹಾಕಿಬಿಡಿ. ಅದೇ ಟ್ರಸ್ಟಿನ ನಿರಾಮಯ ಅನ್ನುವ ಆರೋಗ್ಯ ವಿಮೆಯೂ ಇದೆ, ವರ್ಷಕ್ಕೆ 1 ಲಕ್ಷದವರೆಗೆ.

ಹೋದ ತಿಂಗಳು ಅವನಿಗೆ ಬಂದದ್ದು 3,240 ರೂಪಾಯಿ. ಬೆಳಗ್ಗೆ ಹತ್ತರಿಂದ ಎರಡರವರೆಗಿನ ಕೆಲಸ. ಮೊಬೈಲಿಗೆ ಅವನೇ ರೀಚಾರ್ಜ್ ಮಾಡಿಸುತ್ತಾನೆ. ಶನಿವಾರ ಅಮ್ಮನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸುತ್ತಾನೆ. ಬಿಲ್ಲನ್ನು ಸಪ್ಲೈಯರ್ ಅಪ್ಪಿತಪ್ಪಿ ಅಮ್ಮನ ಮುಂದಿಟ್ಟರೆ ತನ್ನ ಕಡೆ ಎಳೆದುಕೊಳ್ಳುತ್ತಾನೆ. ಈಚೆಗೆ ಅಲ್ಲಿಯವರು ಅವನಿಗೆ "ಬನ್ನಿ ಸಾರ್" ಅನ್ನಲು ಶುರು ಮಾಡಿದ್ದಾರೆ. ಮೊದಲ ಸಲ ಹಾಗಂದಾಗ ಅವನು ಹಿಂದೆ ತಿರುಗಿ ನೋಡಿದನಂತೆ, ಇನ್ಯಾರೋ ಬಂದರು ಅಂತ.

ಈಗ ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಈ ಪತ್ರ ಬರೆಯಲು ಕಾರಣ ನನ್ನ ತಮ್ಮನಲ್ಲ, ಅವನಿಗೆ ಕೆಲಸ ಇದೆ. ನಮ್ಮ ಹಿಂದಿನ ಬೀದಿಯಲ್ಲಿ ಇನ್ನೊಬ್ಬನಿದ್ದಾನೆ. 19 ವರ್ಷ. ಅವನಿಗೂ ಡೌನ್ ಸಿಂಡ್ರೋಮ್. ಮಾರ್ಚಿಗೆ ಶಾಲೆ ಮುಗಿಯಿತು. ಅವರಮ್ಮ ದಿನ ಬಿಟ್ಟು ದಿನ ನಮ್ಮ ಮನೆಗೆ ಬಂದು "ನಿಮ್ಮವನು ಹೋಗೋ ಕಡೆ ಇನ್ನೊಂದು ಜಾಗ ಇದ್ಯಾ ನೋಡಿ" ಅನ್ನುತ್ತಾರೆ. ಅಲ್ಲಿ ಸದ್ಯಕ್ಕೆ ಇಲ್ಲ. ಲೋಟ ತೊಳೆಯುವುದು, ಟೇಬಲ್ ಒರೆಸುವುದು, ತಟ್ಟೆ ಜೋಡಿಸುವುದು ಅವನಿಗೆ ಚೆನ್ನಾಗಿ ಬರುತ್ತದೆ, ನಾನೇ ನೋಡಿದ್ದೇನೆ. ಸ್ಟೀಲ್ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಕಲೆ ಇದ್ದರೆ ಮತ್ತೆ ತೊಳೆಯುತ್ತಾನೆ. ಮೊದಲ ದಿನಗಳಲ್ಲಿ ಕುರ್ಚಿ ಹಾಕಿ ಕೂರೋಕೆ ಅವರಮ್ಮ ತಯಾರಿದ್ದಾರೆ, ನನ್ನಮ್ಮನೂ ಬರುತ್ತಾರೆ. ದಿನಕ್ಕೆ ನಾಲ್ಕು ಗಂಟೆ ಕೆಲಸ ಕೊಡುವ ಹೋಟೆಲಿನವರು ಯಾರಾದರೂ ಇದ್ದರೆ ದೇವಸ್ಥಾನದ ಬೀದಿಯಲ್ಲಿ ಯಾರನ್ನಾದರೂ ಕೇಳಿ, ಆರ್‌ಸಿಬಿ ಅಂಗಿಯವನ ಮನೆ ಅಂದರೆ ತೋರಿಸುತ್ತಾರೆ.

ಬೆಳಗ್ಗೆ ಬೇಗ ಏಳೋದು ಮಾತ್ರ ಆ ಹಿಂದಿನ ಬೀದಿಯವನಿಗೆ ಆಗಲ್ಲ. ಹತ್ತು ಗಂಟೆಯ ಮೇಲೆ ಆದರೆ ಒಳ್ಳೆಯದು.

ಇಂತಿ,
ಊದುಬತ್ತಿ ಪ್ಯಾಕ್ ಮಾಡುವವನ ಅಕ್ಕ,
ನಂಜನಗೂಡು